ಹೊಸದು ನಡೆದು ಹೋಗುವ ಹೊತ್ತು

ನನ್ನ ಸೊಸೆ ರೋಹಿಣಿ ಮೊದಲ ಸಲ ಕಾಣೆಯಾದದ್ದು ಮದುವೆಯಾಗಿ ನಮ್ಮ ಮನೆಗೆ ಬಂದ ಮರುದಿನ ಮಧ್ಯಾಹ್ನ. ಊರಲ್ಲಿ ಯಾರೂ ಅಷ್ಟೇನೂ ಗಾಬರಿಯಾಗಲಿಲ್ಲ. ಅದೇ ದಿನ ಪಂಚಾಯ್ತಿ ಅಧ್ಯಕ್ಷ ಗುರುಶಾಂತಪ್ಪನ ಹೊಸ ಹಲ್ಲಿನ ಸೆಟ್ಟೂ ಕಾಣೆಯಾಗಿತ್ತು. ನಿಜ ಹೇಳಬೇಕೆಂದರೆ ಜನ ಹೆಚ್ಚು ಮನಸ್ಸಿಟ್ಟು ಹುಡುಕಿದ್ದು ಹಲ್ಲನ್ನೇ. ಸೊಸೆ ಆಳೆತ್ತರ ಇದ್ದಾಳೆ, ಎಲ್ಲಿದ್ದರೂ ಕಾಣುತ್ತಾಳೆ. ಹಲ್ಲು ಚರಂಡಿಗೆ ಇಳಿದರೆ ಮುಗಿಯಿತು. ಸಂಜೆಯೊಳಗೆ ಇಬ್ಬರ ಪತ್ತೆಯೂ ಆಯಿತು. ರೋಹಿಣಿ ಬೇವಿನ ಕಟ್ಟೆಯ ಹತ್ತಿರ ಸಿಕ್ಕಳು, ಹಲ್ಲು ಕಿರಾಣಿ ಅಂಗಡಿಯ ಶೇಂಗಾ ಚೀಲದ ಮೇಲೆ ಸಿಕ್ಕಿತು.

ನಮ್ಮ ಊರಲ್ಲಿ ಹೊಸದು ಒಂದು ಕಡೆ ನಿಲ್ಲುವುದಿಲ್ಲ. ಮಧ್ಯಾಹ್ನದ ಊಟ ಮುಗಿದು ಊರೆಲ್ಲ ಅಡ್ಡಾದ ಹೊತ್ತಿನಲ್ಲಿ ಹೊಸ ಕೊಡ, ಹೊಸ ಛತ್ರಿ, ಹೊಸ ಮಂಚ ಎಲ್ಲ ಮೆಲ್ಲಗೆ ಎದ್ದು ನಡೆಯತೊಡಗುತ್ತವೆ. ಚಪ್ಪಲಿಗಳು ಜೋಡಿಯಾಗಿ ಹೋಗುವುದರಿಂದ ಅಷ್ಟು ತ್ರಾಸಿಲ್ಲ. ವಸ್ತುವಾದರೆ ಕೈ ಹಾಕಿ ಹಿಡಿದರೆ ನಿಂತುಬಿಡುತ್ತದೆ. ಮನುಷ್ಯರಾದರೆ ಮನೆಯವರೇ ಹೋಗಿ ಹೆಸರು ಹಿಡಿದು ಕರೆಯಬೇಕು, ಬೇರೆಯವರು ಕಿವಿಯಲ್ಲಿ ಕೂಗಿದರೂ ಕೇಳಿಸದು. ಕಣ್ಣು ಬಿಟ್ಟುಕೊಂಡೇ ನಿದ್ದೆಯಲ್ಲಿ ನಡೆಯುತ್ತಾರೆ, ಹೆಸರು ಕೇಳಿದ ಕೂಡಲೇ ಎಚ್ಚರವಾಗಿ ನಾಚಿಕೊಳ್ಳುತ್ತಾರೆ. ಬಾಗಿಲು ಹಾಕಿ ಕೂಡಿಹಾಕಿದರೆ ಗೋಡೆಗೆ ಹಾಯ್ದು ಹಣೆ ಒಡೆದುಕೊಳ್ಳುತ್ತಾರೆ, ಹಾಗಾಗಿ ಆ ಕೆಲಸ ಯಾರೂ ಮಾಡುವುದಿಲ್ಲ.

ಊರೊಳಗೆ ಎಷ್ಟು ನಡೆದರೂ ಚಿಂತೆಯಿಲ್ಲ. ಊರ ತುದಿಗೆ ಹಳ್ಳ, ಹಳ್ಳಕ್ಕೊಂದು ಸೇತುವೆ. ಸೇತುವೆ ದಾಟಿದ ಹೊಸದು ತಿರುಗಿ ಬಂದದ್ದಿಲ್ಲ. ನಮ್ಮಲ್ಲಿಗೆ ಬಂದಿದ್ದ ಒಬ್ಬ ಹೊಸ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬೋಳಿಸಿ ಎದ್ದು ನಡೆದವನು ಸೇತುವೆ ದಾಟಿಯೇಬಿಟ್ಟ. ಆಮೇಲೆ ಯಾವುದೋ ಪೇಟೆಯಲ್ಲಿ ಅವನನ್ನು ಕಂಡವರು ಮಾತಾಡಿಸಿದರೆ, ಇಂಥದೊಂದು ಊರಿನ ಹೆಸರೇ ಕೇಳಿಲ್ಲ ಎಂದನಂತೆ. ಆರಾಮಾಗಿದ್ದನಂತೆ, ಸುಳ್ಳು ಹೇಳುತ್ತಿರುವ ಹಾಗೂ ಕಾಣಲಿಲ್ಲವಂತೆ. ನಮ್ಮನ್ನು ಪೂರ್ತಿ ಮರೆತಿದ್ದ.

ಹಾಗಂತ ಹೊಸದು ಸದಾ ಹೊಸದಾಗಿಯೇ ಇರುವುದಿಲ್ಲ. ನೋಡದೆ, ಯೋಚಿಸದೆ ಯಾವತ್ತು ಅದಕ್ಕೆ ಕೈ ಹಾಕುತ್ತೇವೋ ಅವತ್ತು ಅದು ಹಳೆಯದಾಯಿತು, ನಡೆಯುವುದು ನಿಂತಿತು. ಮನುಷ್ಯರೂ ಹಾಗೆಯೇ, ನೋಡದೆ ಯೋಚಿಸದೆ ಮನೆಯದಕ್ಕೆ ಕೈ ಹಾಕಿದ ದಿನ ಹಳಬರು. ಅಲ್ಲಿಯವರೆಗೆ ಮನೆಯ ಒಳಕಲ್ಲಿಗೆ ಒಂದು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಹೊಸದಕ್ಕೆ ಬಿಗಿಯುವುದು ನಮ್ಮ ಪದ್ಧತಿ. ನಾನು ಸೊಸೆಯಾಗಿ ಬಂದಾಗ ನನ್ನತ್ತೆ ನನ್ನ ಸೊಂಟಕ್ಕೂ ದಾರ ಬಿಗಿದಿದ್ದಳು. ಅತ್ತೆಯ ಬಾಯಿ ದೊಡ್ಡದು, ನನ್ನದೂ ಸಣ್ಣದಲ್ಲ. ದಿನಬೆಳಗಾದರೆ ಸಾರಿನ ಉಪ್ಪಿಗೆ, ಕಸಬರಿಗೆ ಇಡುವ ಜಾಗಕ್ಕೆ ನಮ್ಮಿಬ್ಬರ ಜಗಳ ಓಣಿಗೆಲ್ಲ ಕೇಳುತ್ತಿತ್ತು. ಆದರೂ ನಾನು ಬೇಗನೆ ಹಳಬಳಾದೆ, ದಾರ ಬಿಚ್ಚಿದರು. ನಮ್ಮ ಮನೆಯ ಒಳಕಲ್ಲಿನ ಗುಣ ದೊಡ್ಡದು ಎಂದುಕೊಂಡೆ.

ರೋಹಿಣಿ ಮಾತ್ರ ದಾರಕ್ಕೆ ಒಪ್ಪಲಿಲ್ಲ. "ನಾನೇನು ಕೊಡವಾ ಅತ್ತೆ? ಕಟ್ಟಬೇಡಿ," ಎಂದಳು. ನನ್ನ ಮಗ ಪರಸು, ಮೋಟಾರಿಗೆ ಕಾಯಿಲ್ ಕಟ್ಟುವ ಅಂಗಡಿ ಇಟ್ಟವನು, ಮದುವೆಗೆ ಮೊದಲೇ ಕಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದನಂತೆ. ನಾನು ಏನೂ ಅನ್ನಲಿಲ್ಲ. ಸೊಸೆಗೆ ಏನೂ ಅನ್ನಬಾರದು ಎಂದು ನಾನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ನನ್ನ ಅತ್ತೆಯ ಹಾಗೆ ನಾನಾಗಬಾರದು ಎನ್ನುವುದು ಎಷ್ಟೋ ವರ್ಷದ ಹಟ. ಕನ್ನಡ ಸಾಲೆಯಲ್ಲಿ ಲೆಕ್ಕ ಕಲಿಸಿದವಳು ನಾನು, ರಾಚವ್ವ ಟೀಚರ್ ಎಂದರೆ ಈಗಲೂ ಮೀಸೆ ಬಂದ ಗಂಡಸರು ಎದ್ದು ನಿಲ್ಲುತ್ತಾರೆ. ಊರಿಗೆಲ್ಲ ಬಯ್ಯುವ ಆ ಬಾಯಿ ಸೊಸೆಯೆದುರು ಬೆಲ್ಲವಾಗಿಬಿಡುತ್ತಿತ್ತು. ಅವಳು ಚಹಾಕ್ಕೆ ಇಷ್ಟು ಶುಂಠಿ ಜಜ್ಜಿ ಹಾಕುತ್ತಿದ್ದಳು, ಗಂಟಲು ಉರಿಯುತ್ತಿತ್ತು. ನಾನು ಕಣ್ಣೀರು ಒರೆಸಿಕೊಂಡು, "ಭಾಳ ಛಲೋ ಆಗೇತವ್ವಾ," ಎನ್ನುತ್ತಿದ್ದೆ.

ಅವಳೂ ಹಾಗೆಯೇ, ನನ್ನೆದುರು ತಲೆ ಎತ್ತಿ ಮಾತಾಡಿದವಳಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟು ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ಹೊರಗೇ ನಿಂತಿರುತ್ತಿದ್ದೆವು.

ಮತ್ತು ಅವಳು ನಡೆಯುತ್ತಲೇ ಇದ್ದಳು. ವಾರದಲ್ಲಿ ಒಂದೆರಡು ಮಧ್ಯಾಹ್ನ ಹಾಸಿಗೆಯಿಂದ ಎದ್ದು, ಜಡೆ ಬಿಚ್ಚಿಕೊಂಡು, ಬರಿಗಾಲಲ್ಲಿ ಹೊರಡುವಳು. ಆ ಹೊತ್ತಿಗೆ ನನಗೆ ಎಷ್ಟು ತಡೆದರೂ ನಿದ್ದೆ ಬಂದೇ ಬರುತ್ತದೆ, ಊರಿಗೇ ಬರುತ್ತದೆ. ಮೊದಮೊದಲು ಬೇವಿನ ಕಟ್ಟೆ, ಆಮೇಲೆ ಹಿಟ್ಟಿನ ಗಿರಣಿ, ಆಮೇಲೆ ನೂಲು ಅದ್ದುವ ಬಣ್ಣದ ಹೊಂಡ. ಪ್ರತಿ ಸಲ ಸೇತುವೆಗೆ ಒಂದಿಷ್ಟು ಹತ್ತಿರ. ಒಂದು ದಿನ ಈ ಹುಡುಗಿ ದಾಟಿಬಿಟ್ಟರೆ? ಎಲ್ಲೋ ಒಂದು ಪೇಟೆಯಲ್ಲಿ ನಾನು ಹೋಗಿ ಎದುರು ನಿಂತರೆ, "ಯಾರು ನೀವು?" ಎಂದು ನಗುತ್ತಾ ಕೇಳಿಬಿಟ್ಟರೆ?

ನಡೆದು ಹೋದದ್ದನ್ನು ಹುಡುಕಲು ಊರಿಗೆ ಇದ್ದದ್ದು ಸಂತೆ ಬಾಗಿಲಿನ ಕರಿ ಹಲಗೆ. ಮೇಲೆ "ಕಂಡದ್ದು" ಎಂದು ಬರೆದಿತ್ತು. ಬಿಸಿಲಿಗೆ ನಿದ್ದೆ ಹತ್ತದ ಕೆಲವು ಅಂಗಡಿಯವರು ಏನು ಎಲ್ಲಿ ಕಂಡಿತೆಂದು ಹೇಳಿ ಕಳಿಸುವರು, ನಾನು ಹೋಗಿ ಬರೆಯುವೆ, ಎದ್ದ ಜನ ಓದಿಕೊಂಡು ಓಡುವರು. ನನ್ನ ಮೊಣಕಾಲು ಕೈಕೊಟ್ಟ ಮೇಲೆ ಹಲಗೆ ತಡವಾಗತೊಡಗಿತು. ಆಗ ರೋಹಿಣಿಯೇ, "ಅತ್ತೆ, ಇದನ್ನ ಒಂದು ವೆಬ್ ಪುಟ ಮಾಡಿಬಿಡೋಣ. ಕಂಡವರು ಫೋನಲ್ಲೇ ಬರೀತಾರೆ, ಎಲ್ಲರ ಫೋನಲ್ಲೂ ಆ ಕ್ಷಣಕ್ಕೇ ಕಾಣುತ್ತೆ," ಎಂದಳು. ಮದುವೆಗೆ ಮುಂಚೆ ಅವಳು ಒಂದು ಕಾಲೇಜಿನಲ್ಲಿ ಇಂಥ ಪುಟಗಳ ಉಸ್ತುವಾರಿ ನೋಡಿದವಳು. ನಾನು, "ಭಾಳ ಛಲೋ ವಿಚಾರವ್ವಾ," ಎಂದೆ. ಈ ಸಲ ಮನಸ್ಸಿಂದಲೇ ಎಂದೆ.

ಪುಟವನ್ನು ದೂರದ ಯಾವುದಾದರೂ ಕಂಪನಿಯ ಕಂಪ್ಯೂಟರಿನಲ್ಲಿ ಇಡಬಹುದಿತ್ತಂತೆ. ಗುರುಶಾಂತಪ್ಪ ಬಿಡಲಿಲ್ಲ. "ಹಳ್ಳ ದಾಟಿದ ಮ್ಯಾಲೆ ಅದಕ್ಕ ನಮ್ಮ ನೆನಪು ಎಲ್ಲೆ ಇರತೈತಿ? ಊರಾಗ ಇರ್ಲಿ," ಎಂದ. ಅದರಲ್ಲಿ ತಪ್ಪು ಹುಡುಕಲು ರೋಹಿಣಿಗೂ ಆಗಲಿಲ್ಲ. ಸಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರೊಂದನ್ನು ನಮ್ಮ ಪಡಸಾಲೆಗೆ ತಂದರು. ಯಾರು ಯಾವಾಗ ಪುಟ ತೆರೆದರೂ ತೆಗೆದುಕೊಡಲು ಹಗಲೂ ರಾತ್ರಿ ಎಚ್ಚರವಿರುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರಂತೆ. ಅದು ಕೆಲಸ ಮಾಡಲು ಒಳಗೆ ಲಿನಕ್ಸ್ ಎನ್ನುವ ತಂತ್ರಾಂಶ ಹಾಕಬೇಕು, ಮತ್ತು ಲಿನಕ್ಸಿನಲ್ಲಿ ಬೇಕಾದಷ್ಟು ತರಹಗಳಿವೆ. "ಸಾರು ಒಂದೇ ಅತ್ತೆ, ಮನೆಮನೆಯ ಪುಡಿ ಬೇರೆ," ಎಂದು ರೋಹಿಣಿ ತಿಳಿಸಿ ಹೇಳಿದಳು. "ಒಂದೊಂದು ಪುಡಿಗೂ ಡಿಸ್ಟ್ರೋ ಅಂತಾರೆ. ನಮಗೆ ಯಾವುದು ಅಂತ ಆರಿಸ್ಕೋಬೇಕು."

ಅವಳು ಮೊದಲು ಆರಿಸಿದ್ದು ಆರ್ಚ್. ಅವಳ ಸ್ವಂತ ಲ್ಯಾಪ್‌ಟಾಪಿನಲ್ಲಿದ್ದದ್ದೂ ಅದೇ, ಅದರ ಮೇಲೆ ಅವಳಿಗೆ ಬಲು ಪ್ರೀತಿ. ಜಗತ್ತಿನಲ್ಲಿ ಏನೇ ಹೊಸದು ಬಂದರೂ ಬೆಳಗಾಗುವುದರೊಳಗೆ ಅದರಲ್ಲಿ ಸಿಗುತ್ತದಂತೆ. ನಾನು ಕಂಪ್ಯೂಟರಿನಿಂದ ಒಳಕಲ್ಲಿಗೆ ದಾರ ಕಟ್ಟಿದೆ. ಅವಳು ನಕ್ಕಳು, ಬೇಡ ಎನ್ನಲಿಲ್ಲ. ಪುಟ ಚಂದ ಓಡಿತು. ಊರ ಜನ ಮೊದಲ ದಿನ ಕಳೆದದ್ದು ಕಳೆಯದ್ದು ಎಲ್ಲ ಬರೆದು ಸಂಭ್ರಮಪಟ್ಟರು.

ತೊಂದರೆ ನಮಗೆ ಮೊದಲೇ ಹೊಳೆಯಬೇಕಿತ್ತು. ಡಬ್ಬ ಹಳೆಯದಾದರೂ ಒಳಗಿನದು ದಿನಾ ಹೊಸದಾಗುತ್ತಿತ್ತು. ಎಲ್ಲವೂ ಒಂದು ದಿನ ಹಳೆಯದಾಗುತ್ತದೆ ಎನ್ನುವ ಭರವಸೆಯ ಮೇಲೆ ನಮ್ಮ ದಾರ ತಡೆಯುತ್ತದೆ, ದಿನಾ ಹೊಸದಾಗುವುದನ್ನು ಅದು ಕಂಡೇ ಇರಲಿಲ್ಲ. ವಾರದೊಳಗೆ ದಾರ ಹರಿದು ಸರ್ವರ್ ಹೊರಗೆ ಹೊರಟಿತು. ಮಧ್ಯಾಹ್ನದ ಬಿಸಿಲಲ್ಲಿ ವೈರು ಬಾಲದ ಹಾಗೆ ಎಳೆದುಕೊಂಡು ಕಾಯಿಪಲ್ಲೆ ಸಂತೆಯಲ್ಲಿ ನಿಂತಿತ್ತು. ಮಾರನೆಯ ದಿನ ಗಿರಣಿಯ ಮುಂದೆ ಪಾಳಿ ಹಚ್ಚಿದವರ ನಡುವೆ ಸಿಕ್ಕಿತು. ಕಳೆದದ್ದನ್ನು ಹುಡುಕುವ ಪುಟವೇ ಕಳೆದುಹೋದರೆ ಅದನ್ನು ಎಲ್ಲಿ ಬರೆಯುವುದು ಎಂದು ಜನ ನನ್ನನ್ನು ಕೇಳಿ ಕೇಳಿ ನಕ್ಕರು.

ಆಗ ಗುರುಶಾಂತಪ್ಪ ಹಲ್ಲು ಸರಿಮಾಡಿಕೊಂಡು ತನ್ನ ತಲೆ ಓಡಿಸಿದ. "ಹೊಸದು ಹಾಕೂದ ಬ್ಯಾಡ. ಒಮ್ಮೆ ಹಾಕಿದ್ದು ಹಂಗ ಇರ್ಲಿ, ಯಾಕ ಮುಟ್ಟತೀರಿ?" ರೋಹಿಣಿ ಮೆಲ್ಲಗೆ, "ಹಾಗೆ ಬಿಟ್ಟರೆ ಕಳ್ಳರು ನುಗ್ತಾರೆ ಸಾರ್, ಕಿಂಡಿಗಳನ್ನ ಆಗಾಗ ಮುಚ್ತಾ ಇರಬೇಕು," ಎಂದಳು. ಅಧ್ಯಕ್ಷನ ಮಾತು ಮೀರುವುದು ಹೇಗೆಂದು ಆಮೇಲೆ ಮುಟ್ಟದೆ ಬಿಟ್ಟಳು. ಕೆಲವು ವಾರ ಸರ್ವರ್ ಬಲು ಶಾಂತವಾಗಿ ಕೂತಿತ್ತು. ಒಂದು ದಿನ ನೋಡಿದರೆ "ಕಂಡದ್ದು" ಪುಟದ ತುಂಬ ಬೋಳು ತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು. ಎಲ್ಲಿಯವನೋ ಒಳಗೆ ನುಗ್ಗಿ ಅಂಗಡಿ ಇಟ್ಟಿದ್ದ. ಗುರುಶಾಂತಪ್ಪನೇ ಎರಡು ಬಾಟಲಿ ತರಿಸಿಕೊಂಡ, ಅದು ಬೇರೆ ಮಾತು. ಬಾಟಲಿಗಳು ಮಧ್ಯಾಹ್ನಕ್ಕೆ ನಡೆದು ಹೋದವು.

ಎರಡನೆಯ ಸಲ ರೋಹಿಣಿ ಆರಿಸಿದ್ದು ಫೆಡೋರಾ. ಇದು ಪೂರ್ತಿಯಾಗಿ ಬಟ್ಟೆ ಬದಲಿಸುವುದು ವರ್ಷಕ್ಕೆ ಎರಡು ಸಲ ಮಾತ್ರವಂತೆ. ನಡುನಡುವೆ ಸಣ್ಣಪುಟ್ಟದು ಹಾಕಿದರೆ ಸರ್ವರ್ ಪಡಸಾಲೆಯಲ್ಲೇ ಒಂದು ಸುತ್ತು ಅಡ್ಡಾಡಿ ಬಂದು ಕೂಡುತ್ತಿತ್ತು. ನಾನು ಕೆಲಸ ಕಲಿತದ್ದು ಇದರ ಮೇಲೆಯೇ. ರೋಹಿಣಿ ನಡೆದು ಹೋದ ಮಧ್ಯಾಹ್ನಗಳಲ್ಲಿ ಪುಟ ನಿಂತರೆ ಎಬ್ಬಿಸಲು ಯಾರಾದರೂ ಬೇಕಲ್ಲ? ಕನ್ನಡಕ ಏರಿಸಿಕೊಂಡು, ಡಿಎನ್ಎಫ್ ಎಂದು ಶುರುವಾಗುವ ಅದರ ಆಜ್ಞೆಗಳನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಬೆರಳು ತಾನಾಗಿಯೇ ಓಡತೊಡಗಿದ ದಿನ ಹೆಮ್ಮೆಯಿಂದ ಓಣಿಗೆಲ್ಲ ಹೇಳಿಕೊಂಡು ಬಂದೆ. ಮಧ್ಯಾಹ್ನ ಎದ್ದು ಫೋನು ನೋಡಿದರೆ ಪುಟದಲ್ಲಿರುತ್ತಿತ್ತು: ಗುರುಶಾಂತಪ್ಪನ ಹಲ್ಲು, ಹೂವಿನ ಅಂಗಡಿ. ಬ್ಯಾಂಕಿನ ಹೊಸ ಮ್ಯಾನೇಜರ್, ನೀರಿನ ಟಾಕಿ. ರೋಹಿಣಿ, ಬಣ್ಣದ ಹೊಂಡ. ಪರಸು ಸೈಕಲ್ ಹತ್ತಿ ಹೋಗಿ ಕರೆದು ತರುವನು. ಸೊಸೆ ಬಂದು ನಾಚಿಕೊಂಡು ಚಹಾ ಮಾಡುವಳು. ನಾನು ಛಲೋ ಆಗೇತಿ ಎನ್ನುವೆ.

ಹೀಗೇ ನಡೆದಿರುವಾಗ ಫೆಡೋರಾದ ಹೊಸ ಆವೃತ್ತಿ ಬಂತು. ರೋಹಿಣಿ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಅದನ್ನು ಹಾಕಿದಳು. ದಾರದ ಮೇಲೆ ಅವಳಿಗೆ ನಂಬಿಕೆಯಿಲ್ಲ, ಆದ್ದರಿಂದ ಕಟ್ಟಲಿಲ್ಲ. ನನಗೆ ಗೊತ್ತೇ ಇಲ್ಲ, ಆದ್ದರಿಂದ ನಾನೂ ಕಟ್ಟಲಿಲ್ಲ. ಮಧ್ಯಾಹ್ನ ಊರೆಲ್ಲ ಮಲಗಿದಾಗ ಸರ್ವರ್ ಎದ್ದು ಹೊರಟಿತು. ಅದರ ಹಿಂದೆಯೇ ರೋಹಿಣಿಯೂ ಹೊರಟಳು.

ಸೇತುವೆಯ ಬಾಯಲ್ಲಿ ಫಕ್ರುಸಾಬನ ಸೋಡಾ ಅಂಗಡಿ ಇದೆ, ಊರಿಗೆ ಅದೇ ಕೊನೆಯ ಅಂಗಡಿ. ಅವನು ತಲೆ ಎತ್ತಿ ನೋಡಿದರೆ ನನ್ನ ಸೊಸೆ ನೇರ ಸೇತುವೆಗೆ ಬರುತ್ತಿದ್ದಾಳೆ. ಫೋನು ತೆಗೆದು ಬರೆಯಲು ಹೋದ, ಪುಟವೇ ತೆರೆಯಲಿಲ್ಲ. ಪುಟ ಕೊಡಬೇಕಾದ ಸರ್ವರ್ ಆ ಹೊತ್ತಿಗೆ ಬಣ್ಣದ ಹೊಂಡದ ದಂಡೆಯಲ್ಲಿ ನಿಂತಿತ್ತು. ಫಕ್ರುಸಾಬ ಸೋಡಾ ಬಾಟಲಿಯ ಕ್ರೇಟುಗಳನ್ನು ತಂದು ಸೇತುವೆಗೆ ಅಡ್ಡ ಒಟ್ಟಿದ. ಅವಳು ಕ್ರೇಟಿಗೆ ಹಾಯ್ದಳು, ಪಕ್ಕಕ್ಕೆ ಸರಿದಳು, ಮತ್ತೆ ಹಾಯ್ದಳು. ಅವನು ಇನ್ನೊಂದು ಕ್ರೇಟು ಇಟ್ಟ. ಇಡುತ್ತಲೇ ಊರ ಕಡೆ ಮುಖ ಮಾಡಿ ಗಂಟಲು ಹರಿಯುವ ಹಾಗೆ ಕೂಗಿದ: "ರಾಚವ್ವ ಟೀಚರ್ ಸೊಸಿ ಸೇತುವಿಗೆ ಬಂದಾಳ್ರೋ! ಯಾರರ ಪರಸೂಗ ಹೇಳ್ರೋ!" ಬಣ್ಣದ ಹೊಂಡದವರು ಎದ್ದು ಗಿರಣಿಯವರಿಗೆ ಕೂಗಿದರು, ಗಿರಣಿಯವರು ಕಟ್ಟೆಯವರಿಗೆ ಕೂಗಿದರು. ಆ ಹೊತ್ತಿನಲ್ಲಿ ನಮ್ಮ ಊರು ಎಚ್ಚರವಾದದ್ದು ಅದೇ ಮೊದಲು. ನಾನು ಹಾಸಿಗೆಯಿಂದ ಇಳಿದು, ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದೆ. ಪರಸು ಓಡಿ ಮುಟ್ಟುವ ಹೊತ್ತಿಗೆ ಫಕ್ರುಸಾಬನ ಕ್ರೇಟುಗಳು ಮುಗಿದಿದ್ದವಂತೆ, ಅವಳ ಒಂದು ಕಾಲು ಸೇತುವೆಯ ಮೇಲಿತ್ತಂತೆ. "ರೋಹಿಣೀ," ಎಂದು ಕೂಗಿದನಂತೆ. ಅವಳು ಇನ್ನೊಂದು ಕಾಲನ್ನು ಎತ್ತಿದ ಹಾಗೆಯೇ ನಿಂತಳಂತೆ.

ಅವತ್ತು ಸಂಜೆ ನೋಡಿದರೆ ಕ್ರೇಟಿಗೆ ಹಾಯ್ದು ಸೊಸೆಯ ಕಾಲಿಗೆ ಗಾಯವಾಗಿತ್ತು. ಅವಳು ಅರಿಶಿನ ಹಚ್ಚಿಕೊಂಡು ಕೂತಿದ್ದಳು, ಪರಸು ಅವಳನ್ನು ನೋಡುತ್ತ ಕೂತಿದ್ದ. ನನಗೆ ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು. ಬೆನ್ನಿಗೊಂದು ಗುದ್ದಬೇಕೆಂದೂ ಅನಿಸಿತು. ಎರಡೂ ಮಾಡದೆ, "ಊಟಾ ಮಾಡವ್ವಾ," ಎಂದಷ್ಟೇ ಹೇಳಿ ಒಳಗೆ ಹೋದೆ.

ಬೆಳಿಗ್ಗೆ ಎದ್ದಾಗ ರೋಹಿಣಿ, ಹೊಂಡದ ದಂಡೆಯಿಂದ ಎತ್ತಿ ತಂದಿದ್ದ ಸರ್ವರಿನ ಮುಂದೆ ಕೂತಿದ್ದಳು. ರಾತ್ರಿಯೇ ಏನೋ ನಿಶ್ಚಯ ಮಾಡಿದ್ದ ಮುಖ. "ಅತ್ತೆ, ಇದನ್ನ ತೆಗೆದು ಡೆಬಿಯನ್ ಹಾಕ್ತೀನಿ," ಎಂದಳು. "ಅದರಲ್ಲಿ ವರ್ಷಗಟ್ಟಲೆ ಹೊಸದು ಅಂತ ಏನೂ ಬರೋಲ್ಲ. ಕಿಂಡಿ ಬಿದ್ದಲ್ಲಿ ತೇಪೆ ಹಾಕ್ತಾರೆ, ಅಷ್ಟೇ. ನಮ್ಮೂರಿಗೆ ಸರಿಹೋಗುತ್ತೆ. ಆದ್ರೆ ಆಜ್ಞೆಗಳು ಬೇರೆ, ನೀವು ಡಿಎನ್ಎಫ್ ಬಿಟ್ಟು ಮೊದಲಿಂದ ಕಲೀಬೇಕಾಗುತ್ತೆ."

ನಾನು ಹೌದವ್ವಾ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

"ಮೊದಲಿಂದ? ಏ ಹುಡುಗಿ, ನನ್ನ ವಯಸ್ಸೆಷ್ಟು ಗೊತ್ತೈತೇನ ನಿನಗ? ತಿಂಗಳಾನಗಟ್ಲೆ ಕಣ್ಣು ಕಳಕೊಂಡು ಕಲತೇನಿ. ಇವತ್ತ ಆರ್ಚು, ನಾಳೆ ಫೆಡೋರಾ, ನಾಡದ ಮತ್ತೊಂದು. ನೀ ಸೀರಿ ಬದಲಿಸಿದಂಗ ಬದಲಿಸ್ಕೋತ ಹೋಗು, ನಾ ಹಿಂದ ಓಡ್ಕೋತ ಬರ್ಲೇನು? ಒಬ್ಬರಿಗಿ ಹೇಳೂದಿಲ್ಲ, ಕೇಳೂದಿಲ್ಲ, ನಿನ್ನೆ ಮುಂಜಾನೆ ಗಪ್‌ಚುಪ್ ಗುಂಡಿ ಒತ್ತಿ ಕುಂತಿ. ಒಂದು ದಾರ ಕಟ್ಟಿದ್ರ ಗಂಟೇನು ಹೋಗತಿತ್ತು ನಿಂದು? ಹೋಗೇಬಿಡತಿದ್ದೆಲ್ಲ ನೀ! ಆ ಫಕ್ರುಸಾಬನ ಕ್ರೇಟು ಇರಲಿಲ್ಲಂದ್ರ ನಾ ಏನ ಮಾಡಬೇಕಿತ್ತು?"

ನನ್ನ ದನಿ ಓಣಿಗೆ ಕೇಳಿಸುವಷ್ಟು ಏರಿತ್ತು. ಎದುರುಮನೆಯ ಕಿಟಕಿ ತೆರೆದದ್ದು ಕಂಡಿತು. ರೋಹಿಣಿ ದಂಗಾಗಿ ನೋಡಿದಳು. ಆಮೇಲೆ ಅವಳ ಮೂಗು ಕೆಂಪಾಯಿತು.

"ಹೇಳಬೇಕಿತ್ತು ನೀವು!" ಎಂದು ಎದ್ದು ನಿಂತಳು. "ಯಾವತ್ತು ಬಾಯಿ ಬಿಟ್ಟು ಹೇಳಿದ್ದೀರ? ಆರ್ಚ್ ಹಾಕ್ಲಾ ಅಂದ್ರೆ ಛಲೋ ಆಗೇತಿ. ಫೆಡೋರಾ ಅಂದ್ರೂ ಛಲೋ ಆಗೇತಿ. ಊರಿಗೆಲ್ಲ ಬಯ್ತೀರ, ಹಾಲಿನವನಿಗೆ ಬಯ್ತೀರ, ಗುರುಶಾಂತಪ್ಪನವರ ಹಲ್ಲಿಗೂ ಬಯ್ತೀರ. ನನಗೆ ಮಾತ್ರ ಬೀಗರ ಮರ್ಯಾದೆ! ಈ ಮನೇಲಿ ಸಾರಿಗೆ ಉಪ್ಪು ಎಷ್ಟು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ ಅತ್ತೆ, ಹೇಗೆ ಹಾಕಿದ್ರೂ ಛಲೋ! ಲಾಡ್ಜಿನಲ್ಲಿ ಇದ್ದ ಹಾಗಿದೆ ನನಗೆ!"

"ಲಾಡ್ಜ? ನಿನ್ನ ಆ ಶುಂಠಿ ಚಾ ಕುಡದು ಕುಡದು ನನ್ನ ಗಂಟಲಾ ಸುಟ್ಟ ಹೋಗೇತಿ. ಲಾಡ್ಜಿನಾಗ ಇಷ್ಟು ಯಾರ ಸೈರಿಸ್ಕೋತಾರ?"

"ಹಾಗಾದ್ರೆ ಹೇಳಬಾರದಿತ್ತಾ!"

"ಈಗ ಹೇಳೇನಲ್ಲ!"

ಪರಸು ಬಾಗಿಲವರೆಗೆ ಬಂದವನು, ನಮ್ಮಿಬ್ಬರ ಮುಖ ನೋಡಿ ಅಂಗಡಿಯಲ್ಲಿ ಅರ್ಜೆಂಟು ಕೆಲಸವಿದೆ ಎಂದು ಹೊರಟೇಹೋದ. ಜಗಳ ಶುಂಠಿಯಿಂದ ಉಪ್ಪಿಗೆ, ಉಪ್ಪಿನಿಂದ ದಾರಕ್ಕೆ, ದಾರದಿಂದ ಮತ್ತೆ ಸರ್ವರಿಗೆ ಬಂತು. ಹೊಸ ಆಜ್ಞೆ ಕಲಿಯುವುದಿಲ್ಲ ಎಂದು ನನ್ನ ಹಟ. ವರ್ಷಕ್ಕೆರಡು ಸಲ ಬಟ್ಟೆ ಬದಲಿಸುವುದನ್ನು ಇನ್ನು ಇಡುವುದಿಲ್ಲ ಎಂದು ಅವಳ ಹಟ. "ನನಗ ಡಿಎನ್ಎಫ್ ಬೇಕು," ಎಂದೆ. "ನನಗೆ ತೇಪೆ ಮಾತ್ರ ಹಾಕೋ ಡಿಸ್ಟ್ರೋ ಬೇಕು," ಎಂದಳು. ನಾನು, "ಅಷ್ಟೆಲ್ಲಾ ತರಹ ಅದಾವ ಅಂತಿ, ಎರಡೂ ಇರೋದು ಒಂದೂ ಇಲ್ಲೇನು?" ಎಂದು ಮೇಜು ಗುದ್ದಿದೆ.

ಅವಳು ಬಯ್ಯಲು ತೆರೆದ ಬಾಯಿಯನ್ನು ಹಾಗೆಯೇ ಇಟ್ಟುಕೊಂಡು ನಿಂತಳು. "ಇದೆ," ಎಂದಳು. "ಆಲ್ಮಾ. ಫೆಡೋರಾದ ಕಡೆಯ ಸಂಬಂಧವೇ, ಡಿಎನ್ಎಫ್ಫೇ ನಡೆಯುತ್ತೆ. ಆದ್ರೆ ವರ್ಷಗಟ್ಟಲೆ ಅಲ್ಲಾಡೋಲ್ಲ, ತೇಪೆ ಅಷ್ಟೇ. ನಾನು ಸ್ಪೀಡು, ಹೊಸದು ಅಂತಲೇ ನೋಡ್ತಾ ಇದ್ದೆ. ಇದನ್ನ ದಿನಾ ನೋಡ್ಕೊಳ್ಳೋರು ನೀವು ಅನ್ನೋದನ್ನ ಲೆಕ್ಕಕ್ಕೇ ಹಿಡೀಲಿಲ್ಲ."

"ಲೆಕ್ಕಾ ಕಲಿಸೂದು ನನಗ ಬಿಡು. ಹಾಕು ಅದನ್ನ," ಎಂದೆ.

ಹಾಕುವಾಗಲೂ ಬಾಯಿ ನಿಲ್ಲಲಿಲ್ಲ. ಅವಳು ಏನೋ ಒತ್ತಿದರೆ ನಾನು ಯಾಕೆ ಎನ್ನುವೆ, ನಾನು ಬೆರಳಿಟ್ಟರೆ ಅವಳು ಕೈ ತಳ್ಳುವಳು. ನಡುವೆ ಊಟಕ್ಕೆ ಎದ್ದು ರೊಟ್ಟಿ ತಿನ್ನುತ್ತಲೂ ವಾದ. ಎಲ್ಲ ಮುಗಿದ ಮೇಲೆ ರೋಹಿಣಿ ತಾನಾಗಿಯೇ ಗೂಡಿನಲ್ಲಿದ್ದ ದಾರ ತಂದು, ಒಂದು ತುದಿ ಒಳಕಲ್ಲಿಗೆ, ಒಂದು ತುದಿ ಸರ್ವರಿಗೆ ಕಟ್ಟಿದಳು. ಗಂಟು ಸಡಿಲವಾಗಿದೆ ಎಂದೆ. ನೀವೇ ಕಟ್ಟಿ ಎಂದಳು. ಕಟ್ಟಿದೆ. ನಡೆದರೂ ಕರೆಂಟು ತಪ್ಪಬಾರದೆಂದು ಅವಳು ಉದ್ದದ ವೈರು ಜೋಡಿಸಿದಳು. ಕುರ್ಚಿಯಲ್ಲಿ ಕೂತು, ಆ ವೈರು ಕಾಲಿಗೆ ತೊಡರುತ್ತದೆ ಎಂದು ಹೇಳುತ್ತಿದ್ದೆ, ಅಷ್ಟರಲ್ಲಿ ನನಗೆ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಪಕ್ಕದ ಕುರ್ಚಿ ಖಾಲಿ. ನಿನ್ನೆ ಸೇತುವೆಯ ಮೇಲಿತ್ತೆಂದ ಅವಳ ಒಂದು ಕಾಲು ನೆನಪಾಯಿತು. ಬೆಳಿಗ್ಗೆಯಿಂದ ಅಷ್ಟೊಂದು ಬಯ್ದಿದ್ದೇನೆ, ಅವಳು ಹೋಗದೆ ಇರುತ್ತಾಳೆಯೇ? ಸರ್ವರ್ ದಾರ ಎಳೆದುಕೊಂಡು ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಿತ್ತು, ದೀಪ ಮಿನುಗುತ್ತಿತ್ತು. ಫೋನು ತೆಗೆದೆ. ಪುಟ ತೆರೆಯಿತು. ಹೊಸ ಬಕೆಟ್ಟು, ಬೇವಿನ ಕಟ್ಟೆ. ಬ್ಯಾಂಕಿನ ಮ್ಯಾನೇಜರ್, ಗಿರಣಿ. ಕೆಳಗೆ, ಇನ್ನೂ ಕೆಳಗೆ ಹೋದೆ. ರೋಹಿಣಿಯ ಹೆಸರಿಲ್ಲ. ಯಾರೂ ಕಾಣದ ದಾರಿಯಲ್ಲಿ ಹೋದಳೇ?

ಫೋನು ಹೊಡೆದುಕೊಂಡಿತು. ಫಕ್ರುಸಾಬ. "ಟೀಚರ್, ಇವತ್ತ ಮುಂಜಾನಿಂದನ ಕ್ರೇಟು ಜೋಡಿಸ್ಕೊಂಡು ಕುಂತೇನ್ರಿ. ನಿಮ್ಮ ಸೊಸಿ ಬರಲೇ ಇಲ್ಲಲ್ಲ. ಅಕಿಗಿ ಆರಾಮ ಐತಿಲ್ಲೋ?"

ನಾನು ಉತ್ತರ ಕೊಡುವ ಮೊದಲೇ ಅಡುಗೆಮನೆಯಲ್ಲಿ ಡಬ್ಬಗಳು ದಡಬಡ ಸದ್ದಾದವು. "ಅತ್ತೇ! ಸಕ್ಕರೆ ಡಬ್ಬ ದಿನಾ ಒಂದೊಂದು ಕಡೆ ಇಡ್ತೀರಲ್ಲ, ನಾನೇನು ಕನಸು ಕಾಣಬೇಕಾ?"

ನಾನು ಬಾಗಿಲಿಗೆ ಹೋಗಿ ನಿಂತೆ. ಅವಳು ಮಧ್ಯಾಹ್ನವೆಲ್ಲ ಅಡುಗೆಮನೆಯ ಚಾಪೆಯ ಮೇಲೆ ಮಲಗಿದ್ದಳಂತೆ. ಕೆನ್ನೆಯ ಮೇಲೆ ಚಾಪೆಯ ಗೆರೆಗಳಿದ್ದವು. ಪಾದ ಧೂಳಾಗಿರಲಿಲ್ಲ. ತಿರುಗಿ ನೋಡದೆಯೇ ಕೈ ಚಾಚಿ, ನನ್ನ ಸೊಟ್ಟ ಸ್ಟೀಲಿನ ಲೋಟವನ್ನು ಗೂಡಿನಿಂದ ತೆಗೆದು ತನಗೇ ಚಹಾ ಸುರಿದುಕೊಂಡಳು. ಆ ಲೋಟಕ್ಕೆ ನಾನಲ್ಲದೆ ಬೇರೆ ಯಾರೂ ಕೈ ಹಚ್ಚುವುದಿಲ್ಲ, ಮನೆಗೆಲ್ಲ ಗೊತ್ತು. ನನ್ನ ಅತ್ತೆ ಯಾಕೆ ಅಷ್ಟು ಬಯ್ಯುತ್ತಿದ್ದಳು, ನಾನು ಯಾಕೆ ಅಷ್ಟು ಬೇಗ ಹಳಬಳಾದೆ ಎನ್ನುವುದು ನನಗೆ ಆ ಬಾಗಿಲಲ್ಲಿ ನಿಂತಾಗ ತಿಳಿಯಿತು. ಒಳಕಲ್ಲಿನದೇನೂ ಹೆಚ್ಚಿನ ಗುಣವಿರಲಿಲ್ಲ. ಕಣ್ಣು ತುಂಬಿ ಬಂತು, ಈ ಸಲ ಶುಂಠಿಯಿಂದಲ್ಲ.

"ಇಲ್ಲೇ ಅದಾಳ ಫಕ್ರುಸಾಬ, ಕ್ರೇಟು ಒಳಗಿಡು," ಎಂದು ಫೋನಿಗೆ ಹೇಳಿದೆ.

ರೋಹಿಣಿ ಇನ್ನೊಂದು ಲೋಟ ನನ್ನ ಕೈಗಿಟ್ಟಳು. ಒಂದು ಗುಟುಕು ಕುಡಿದು, "ಶುಂಠಿ ಇನ್ನೂ ಹೆಚ್ಚಾತು," ಎಂದೆ.

"ನಾಳೆಯಿಂದ ನೀವೇ ಮಾಡ್ಕೊಳ್ಳಿ," ಎಂದಳು.

ನಾಳೆಯಿಂದ, ಎಂದಳು. ನಾನು ಆ ಚಹಾವನ್ನು ಕೊನೆಯ ಹನಿಯವರೆಗೆ ಕುಡಿದೆ.